ಜಾತಿಗೂ ಉಪಾಧಿಗೂ ಇರುವ ವ್ಯತ್ಯಾಸವೇನು?

ಪ್ರಶ್ನೆ (ಮೈಸೂರಿನಿಂದ):
ನ್ಯಾಯದರ್ಶನದ ಪ್ರಾರಂಭಿಕ ಪಾಠಗ್ರಂಥವಾದ ತರ್ಕಸಂಗ್ರಹವನ್ನು ಓದಲು ಆರಂಭಿಸಿದ್ದೇನೆ. ನಿತ್ಯವಾಗಿದ್ದು, ಒಂದೇ ಆಗಿದ್ದು, ಅನೇಕ ವ್ಯಕ್ತಿಗಳಲ್ಲಿ ಅನುಗತವಾಗಿರುವುದೇ ಸಾಮಾನ್ಯ (ಅಂದರೆ ಜಾತಿ) ಎಂಬ ಲಕ್ಷಣ ಅರ್ಥವಾಯಿತು. ಆದರೆ ಗೋತ್ವವನ್ನು (ಹಸುತನವನ್ನು) ಜಾತಿಯೆಂದೂ ಪಾಚಕತ್ವವನ್ನು (ಅಡುಗೆಯವನಾಗಿರುವಿಕೆಯನ್ನು) ಉಪಾಧಿ, ಅಂದರೆ ಬೇರೆ ಸಂಗತಿಗಳ ಮೂಲಕ ಬಂದ ಧರ್ಮ ಎಂದೂ ಹೇಳುವುದೇಕೆ? ಹಸುಗಳಂತೆ ಅಡುಗೆಯವರೂ ಅನೇಕರಿದ್ದಾರಲ್ಲವೆ? ನಂಜನಗೂಡು ರಸಬಾಳೆಯ ಹಣ್ಣುಗಳಲ್ಲೆಲ್ಲ ಕಾಣುವ ಸಮಾನಧರ್ಮ ಇವೆರಡರಲ್ಲಿ ಯಾವುದು?

ಉತ್ತರ 1:
ಇಲ್ಲಿ ‘ಜಾತಿ’ ಎಂದರೆ ನಮ್ಮ ಊರುಕೇರಿಗಳ ಜಾತಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಗೊಂದಲದಲ್ಲಿ ನಾನೂ ಕೆಲಕಾಲ ಇದ್ದೆ. ಪಾಚಕತ್ವವನ್ನು ಬಿಡಿಸಿದರೆ ಪಾಕಕ್ರಿಯೆ ಮತ್ತು ಅದರ ಕರ್ತೃತ್ವ ಎಂಬ ಬೇರೆ ಪದಾರ್ಥಗಳೇ (ಇರುವ ಸಂಗತಿಗಳೇ) ಸಿಗುತ್ತವೆ; ಅವುಗಳನ್ನು ಮೀರಿದ ಹೊಸ ಪದಾರ್ಥವೊಂದನ್ನು ಒಪ್ಪಬೇಕಾದ ಅಗತ್ಯವಿಲ್ಲ. ಅಡುಗೆಯವನು ಸೌಟು ಕೆಳಗಿಟ್ಟು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತರೂ ಅದೇ ಮನುಷ್ಯನಾಗಿ ಉಳಿಯುತ್ತಾನೆ, ಆದರೆ ಗೋತ್ವವಿಲ್ಲದ ಹಸುವೆಂಬುದೇ ಇಲ್ಲ, ಏಕೆಂದರೆ ಗೋತ್ವವು ಹಸುವಿನಲ್ಲಿ ಸಮವಾಯಸಂಬಂಧದಿಂದ (ಬೇರ್ಪಡಿಸಲಾಗದ ನಂಟಿನಿಂದ) ಇರುತ್ತದೆ.

ಮರುಪ್ರಶ್ನೆ:
ಹಾಗಾದರೆ ಗೋತ್ವವನ್ನೂ ‘ಗಂಗೆದೊಗಲು (ಕತ್ತಿನ ಕೆಳಗಿನ ಜೋಲು ಚರ್ಮ) ಇರುವಿಕೆ’ ಎಂದು ಬಿಡಿಸಬಹುದಲ್ಲವೆ?

ಉತ್ತರ 2 (ಮಂಡ್ಯದಿಂದ):
ಗಂಗೆದೊಗಲು ಹಸುವನ್ನು ಗುರುತಿಸುವ ಲಕ್ಷಣವೇ ಹೊರತು ಗೋತ್ವವಲ್ಲ. ನಮ್ಮ ಕಡೆಯ ಹಳ್ಳಿಕಾರ್ ಹಸುವಿನ ಗಂಗೆದೊಗಲಿಗೂ ಗುಜರಾತಿನ ಗಿರ್ ಹಸುವಿನ ಜೋಲುವ ಗಂಗೆದೊಗಲಿಗೂ ಬಹಳ ಅಂತರವಿದ್ದರೂ ‘ಇದು ಹಸು’ ಎಂಬ ಅರಿವು ಎರಡೂ ಕಡೆ ಒಂದೇ ಬಗೆಯದು, ಆ ಅರಿವಿಗೆ ಆಧಾರವಾಗಿಯೇ ನೈಯಾಯಿಕರು (ನ್ಯಾಯದರ್ಶನದವರು) ಜಾತಿಯನ್ನು ಒಪ್ಪುತ್ತಾರೆ.

ಆದರೆ ಉತ್ತರ 1ರಲ್ಲಿ ಬಿಟ್ಟುಹೋದದ್ದೊಂದಿದೆ. ಅನೇಕರಲ್ಲಿರುವುದೆಲ್ಲ ಜಾತಿಯಾಗದಂತೆ ತಡೆಯಲು ನೈಯಾಯಿಕರಾದ ಉದಯನಾಚಾರ್ಯರು ಆರು ಜಾತಿಬಾಧಕಗಳನ್ನು ಹೇಳಿದ್ದಾರೆ. ಆಕಾಶ ಒಂದೇ ಇರುವುದರಿಂದ ಆಕಾಶತ್ವ ಜಾತಿಯಲ್ಲ. ಘಟತ್ವ, ಕಲಶತ್ವಗಳು ಅದೇ ವ್ಯಕ್ತಿಗಳಲ್ಲಿರುವುದರಿಂದ ಎರಡು ಜಾತಿಗಳಲ್ಲ. ಹೆಚ್ಚು ಚರ್ಚೆಗೆ ಒಳಗಾದದ್ದು ಸಂಕರ: ಭೂತತ್ವವು (ಪಂಚಭೂತಗಳಲ್ಲೊಂದಾಗಿರುವಿಕೆ) ಮೂರ್ತತ್ವವಿಲ್ಲದ (ಸೀಮಿತ ಗಾತ್ರವಿಲ್ಲದ) ಆಕಾಶದಲ್ಲಿದೆ, ಮೂರ್ತತ್ವವು ಭೂತತ್ವವಿಲ್ಲದ ಮನಸ್ಸಿನಲ್ಲಿದೆ, ಎರಡೂ ಪೃಥಿವಿಯಲ್ಲಿ ಕೂಡುತ್ತವೆ, ಹೀಗೆ ಒಂದನ್ನೊಂದು ಅಡ್ಡಹಾಯುವವು ಜಾತಿಗಳಾಗಲಾರವು. ನವ್ಯರಲ್ಲಿ (ನಂತರದ ಕಾಲದ ನವ್ಯನೈಯಾಯಿಕರಲ್ಲಿ) ಕೆಲವರು ಈ ಬಾಧಕವನ್ನು ಒಪ್ಪುವುದಿಲ್ಲ, ನನಗೂ ಅವರ ಪಕ್ಷವೇ ಸರಿಯೆನಿಸುತ್ತದೆ.

ಇನ್ನು ರಸಬಾಳೆ. ಅದರ ಕಂದನ್ನು ತಂದು ಮಂಡ್ಯದ ತೋಟದಲ್ಲಿ ನೆಟ್ಟರೆ ಬಾಳೆತನ ಜೊತೆಗೇ ಬರುತ್ತದೆ, ‘ನಂಜನಗೂಡಿನದು’ ಎಂಬುದು ಮಾತ್ರ ಆ ನೆಲದಲ್ಲೇ ಉಳಿಯುತ್ತದೆ. ಆದ್ದರಿಂದ ಮೊದಲನೆಯದು ಜಾತಿ, ಎರಡನೆಯದು ದೇಶಸಂಬಂಧದಿಂದ ಬಂದ ಉಪಾಧಿ. ನಡುವಿನ ‘ರಸಬಾಳೆತನ’ವನ್ನು ಬಾಳೆತನದೊಳಗಿನ ಅಪರಜಾತಿಯೆಂದು (ಕಡಿಮೆ ವ್ಯಾಪ್ತಿಯ ಜಾತಿಯೆಂದು) ನಾನು ಎಣಿಸುತ್ತೇನೆ, ಒಪ್ಪದವರು ಯಾವ ಬಾಧಕ ಬರುತ್ತದೆಂದು ತಿಳಿಸಬೇಕು.