‘ವಂಶಪಾರಂಪರ್ಯ’ವೋ ‘ಬಳುವಳಿ’ಯೋ? ಒಂದು ಪದ ಬೇಕಿತ್ತು

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ಮಕ್ಕಳ ಡಾಕ್ಟರೊಬ್ಬರಿಗೆ ಕನ್ನಡದಲ್ಲಿ ಕರಪತ್ರ ಬರೆದುಕೊಡುತ್ತಿದ್ದೇನೆ. ಕಾಯಿಲೆಯ ಹೆಸರು ಕ್ರಾನಿಕ್ ಗ್ರ್ಯಾನುಲೊಮ್ಯಾಟಸ್ ಡಿಸೀಸ್, ಚಿಕ್ಕದಾಗಿ ಸಿಜಿಡಿ. ಈ ಮಕ್ಕಳ ಬಿಳಿ ರಕ್ತಕಣಗಳು ಬೂಷ್ಟನ್ನು ನುಂಗುತ್ತವೆ, ಕೊಲ್ಲಲಾರವು. ನಮ್ಮ ಮೂಗಿಗೆ ದಿನಾ ಹೋಗುವ ಆಸ್ಪರ್ಜಿಲಸ್ ಅನ್ನೋ ಬೂಷ್ಟು ಇವರ ಶ್ವಾಸಕೋಶದಲ್ಲಿ ಬೇರು ಬಿಡುತ್ತದೆ. ಒಮ್ಮೊಮ್ಮೆ ರಕ್ತದ ಜೊತೆ ಮಿದುಳಿಗೂ ಹೋಗಿ ಕೀವುಗಡ್ಡೆ ಕಟ್ಟುತ್ತದೆ.

ಮೊದಲು ‘ಶಿಲೀಂಧ್ರ’ ಅಂತಲೇ ಬರೆದಿದ್ದೆ. 2021ರಲ್ಲಿ ಪೇಪರಿನವರು ‘ಕಪ್ಪು ಶಿಲೀಂಧ್ರ’ ಅಂತ ದಿನಾ ಬರೆದರೂ ಆ ಪದ ಯಾರ ಬಾಯಿಗೂ ಹತ್ತಲಿಲ್ಲ, ಅಲ್ವಾ? ಓದಿ ಹೇಳಿದಾಗ ಒಬ್ಬ ಅಜ್ಜಿ ಕೇಳಿದರು: “ಮಳೆಗೆ ನೆಂದ ಮೆಕ್ಕೆಜೋಳದ ರಾಶಿಯೊಳಗೆ ಹಸಿರಗೆ ಬರ್ತತಲ್ಲ, ಅದಾ?” ಅದೇ. ಅಲ್ಲಿಗೆ ಬೂಷ್ಟು ಗೆದ್ದಿತು. ಅಂಥ ರಾಶಿ ಕೆದಕುವಾಗ, ತಿಪ್ಪೆಗೊಬ್ಬರ ಹರಡುವಾಗ ಈ ಮಗು ಹತ್ತಿರ ಇರಬಾರದು ಅನ್ನೋದೂ ಅವರಿಗೆ ತಾನಾಗಿ ಹೊಳೆಯಿತು.

ಸಿಕ್ಕಿಕೊಂಡಿದ್ದು ಮುಂದಿನ ಸಾಲಿನಲ್ಲಿ. ‘ಇದು ವಂಶಪಾರಂಪರ್ಯ ಕಾಯಿಲೆ’ ಅಂದೆ. ಅಜ್ಜಿ ಥಟ್ಟನೆ, “ನಮ್ಮ ವಂಶದಾಗೆ ಯಾರಿಗೂ ಇಲ್ಲಪ್ಪ” ಅಂದರು. ಸೊಸೆ ತಲೆ ತಗ್ಗಿಸಿದಳು. ನಮ್ಮಲ್ಲಿ ವಂಶ ಅಂದರೆ ತಂದೆಯ ಕಡೆಯದು. ಸಿಜಿಡಿಯ ಸಾಮಾನ್ಯ ಬಗೆ ಬರೋದು ತಾಯಿಯ ಎಕ್ಸ್ ಕ್ರೋಮೊಸೋಮಿನಿಂದ. ತಾಯಿ ಹೆಚ್ಚಾಗಿ ಆರೋಗ್ಯವಾಗಿಯೇ ಇರುತ್ತಾಳೆ. ಅವಳಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ.

ಹಾಗಾದರೆ ‘ಬಳುವಳಿಯಾಗಿ ಬಂದದ್ದು’ ಅನ್ನೋಣವೇ? ತವರಿನವರು ಮಗಳಿಗೆ ಕೊಟ್ಟು ಕಳಿಸುವುದೇ ಬಳುವಳಿ. ವಿಜ್ಞಾನಕ್ಕೆ ಇಷ್ಟು ಚೆನ್ನಾಗಿ ಹೊಂದುವ ಪದ ಇನ್ನೊಂದಿಲ್ಲ. ಅದಕ್ಕೇ ಭಯ. ಅದನ್ನು ಅಚ್ಚು ಹಾಕಿದರೆ ಆ ಹುಡುಗಿಯ ತವರಿನ ಮೇಲೆ ನಾನೇ ಗೂಬೆ ಕೂರಿಸಿದ ಹಾಗೆ. ಸಾಲದ್ದಕ್ಕೆ ಇನ್ನೊಂದು ಬಗೆಯಲ್ಲಿ ದೋಷ ತಂದೆತಾಯಿ ಇಬ್ಬರಿಂದಲೂ ಬರಬೇಕು. ಅಕ್ಕನ ಮಗಳನ್ನೇ ತಂದುಕೊಂಡ ಮನೆಗಳಲ್ಲಿ ಅದರ ಸಾಧ್ಯತೆ ಜಾಸ್ತಿ. ಅಲ್ಲಿ ತವರು ಯಾವುದು, ಗಂಡನ ಮನೆ ಯಾವುದು!

‘ರಕ್ತದಲ್ಲೇ ಬಂದದ್ದು’ ಅಂದರೆ “ರಕ್ತ ಬದಲಾಯಿಸಿ” ಅಂತಾರೆ. ರಕ್ತಕಣಗಳು ಹುಟ್ಟುವ ಅಸ್ಥಿಮಜ್ಜೆಯನ್ನೇ ಕಸಿ ಮಾಡಿದರೆ ಇದು ವಾಸಿಯಾಗಬಹುದು, ಹಾಗಾಗಿ ಅವರ ಮಾತು ಸುಮ್ನೆ ತಳ್ಳಿಹಾಕುವಂಥದ್ದೂ ಅಲ್ಲ. ನರ್ಸ್ ಒಬ್ಬರು ‘ಹುಟ್ಟಿನಿಂದ ಬಂದದ್ದು’ ಸಾಕು ಅಂದರು. ಮೆತ್ತಗಿದೆ, ಯಾರಿಗೂ ತಾಗಲ್ಲ. ಆದರೆ ಅದನ್ನು ಓದಿದವರು ಮಗುವಿನ ತಮ್ಮನಿಗೆ, ಚಿಕ್ಕಮ್ಮನ ಮಗನಿಗೆ ರಕ್ತಪರೀಕ್ಷೆ ಮಾಡಿಸಬೇಕು ಅಂತ ಯಾಕೆ ಅಂದುಕೊಳ್ಳುತ್ತಾರೆ?

ಸಂಬಂಧವನ್ನು ಹೇಳಬೇಕು, ತಪ್ಪು ಹೊರಿಸಬಾರದು. ಅಂಥ ಮಾತು ನಿಮ್ಮ ಊರಲ್ಲಿ ಇದೆಯೇ? ಅಪ್ಪನ ಬೋಳುತಲೆ ಮಗನಿಗೂ ಬಂದರೆ ನಿಮ್ಮ ಮನೆಗಳಲ್ಲಿ ಏನಂತಾರೆ? ಅಲ್ಲಿಂದಲೇ ಹುಡುಕೋಣ ಅಂತ.