ಎಡಗಡೆಯಿಂದ ಹೊಡೆದರೆ ಕತ್ತಿ ಚಾಪೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಏನು ತಪ್ಪು?

ಹೊಸಕೊಪ್ಪ_ಹುಡುಗ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಕೊರಿಯಾದ ಸುವಾನ್‌ನಲ್ಲಿ. ಎರಡು ವರ್ಷದಿಂದ ಹೇದೋಂಗ್ ಗಮ್ದೊ ಅನ್ನುವ ಕೊರಿಯನ್ ಕತ್ತಿವರಸೆ ಕಲಿಯುತ್ತಿದ್ದೇನೆ. ಮೂರು ತಿಂಗಳಿಂದ ಬೆಗಿ ಶುರುವಾಗಿದೆ, ಅಂದರೆ ಹರಿತವಾದ ಕತ್ತಿಯಲ್ಲಿ ನಿಜವಾಗಿ ಕಡಿಯುವ ಅಭ್ಯಾಸ. ನೆನೆಸಿದ ಚಾಪೆ ಸುರುಳಿ ಕಡಿಯುತ್ತೇವೆ.

ಬಲ ಭುಜದ ಮೇಲಿಂದ ಎಡಕ್ಕೆ ಓರೆಯಾಗಿ ಇಳಿಸಿದರೆ ಸಲೀಸಾಗಿ ಹೋಗುತ್ತದೆ. ಎಡ ಭುಜದಿಂದ ಬಲಕ್ಕೆ ಹೊಡೆದರೆ ಮುಕ್ಕಾಲು ದಾರಿಯಲ್ಲಿ ನಿಂತುಬಿಡುತ್ತದೆ. ಶನಿವಾರ ಎಂಟರಲ್ಲಿ ಐದು ಹೊಡೆತ ಹಾಗೇ ಆಯಿತು. ಇನ್ನೂ ಜೋರಾಗಿ ಹೊಡೆದೆ, ಚಾಪೆ ನಿಲ್ಲಿಸಿದ ಸ್ಟ್ಯಾಂಡೇ ಉರುಳಿಬಿತ್ತು. ಸಾಬೊಮ್‌ನಿಮ್ (ನಮ್ಮ ಗುರುಗಳು) "ಭುಜ ಸಡಿಲ ಬಿಡು" ಅನ್ನುತ್ತಾರೆ. ಅದಕ್ಕಿಂತ ಹೆಚ್ಚಿನ ವಿವರ ನನಗೆ ಕೊರಿಯನ್‌ನಲ್ಲಿ ಪೂರ್ತಿ ಅರ್ಥವಾಗುವುದಿಲ್ಲ. ಕತ್ತಿ ಮೊಂಡಾಗಿರಬಹುದಾ?

ಕವಾಸಾಕಿ_ಕನ್ನಡಿಗ:
ಬಲಗಡೆಯಿಂದ ಸಲೀಸಾಗಿ ಹೋಗುತ್ತಿದೆ ಅಂದಮೇಲೆ ಕತ್ತಿ ಮೊಂಡಾಗಿಲ್ಲ. ಬಿದ್ದ ತುಂಡುಗಳನ್ನು ಎತ್ತಿಕೊಂಡು ಕಡಿದ ಮುಖ ನೋಡಿ. ಚಪ್ಪಟೆಯಾಗಿದೆಯಾ, ಇಲ್ಲ ಸೌಟಿನ ಹಾಗೆ ಗುಳಿ ಬಿದ್ದಿದೆಯಾ?

ಇನ್ನೊಂದು ಮಾತು. ಅರ್ಧಕ್ಕೆ ನಿಂತಾಗ ಕತ್ತಿಯನ್ನು ತಿರುಚಿ ಕೀಳಬೇಡಿ, ಅಲಗು ಬಗ್ಗುತ್ತದೆ. ಹೋದ ದಾರಿಯಲ್ಲೇ ವಾಪಸ್ ಎಳೆದುಕೊಳ್ಳಿ.

ಹೊಸಕೊಪ್ಪ_ಹುಡುಗ:
ನೋಡಿದೆ ಸರ್. ಬಲಗಡೆಯದು ಬಾಳೆದಿಂಡು ಕಡಿದ ಹಾಗೆ ನುಣ್ಣಗಿದೆ. ಎಡಗಡೆಯದು ಮೊದಲು ಎರಡು ಬೆರಳಷ್ಟು ನೇರ, ಆಮೇಲೆ ಮುಖ ಬಾಗುತ್ತಾ ಹೋಗಿದೆ. ಕೊನೆಯಲ್ಲಿ ಹುಲ್ಲು ಕಡಿದಿಲ್ಲ, ನಾರುನಾರಾಗಿ ಹರಿದಿದೆ.

ಕವಾಸಾಕಿ_ಕನ್ನಡಿಗ:
ಹಾಗಾದರೆ ಉತ್ತರ ನಿಮ್ಮ ಕೈಯಲ್ಲೇ ಇದೆ. ಕತ್ತಿಯ ಬಾಯಿ ಒಂದು ಕಡೆ ನೋಡುತ್ತಿದೆ, ಕತ್ತಿ ಓಡುವುದು ಇನ್ನೊಂದು ಕಡೆ. ಇವೆರಡೂ ಒಂದೇ ಗೆರೆಯಲ್ಲಿ ಇರುವುದಕ್ಕೆ ಜಪಾನಿನಲ್ಲಿ ಹಾಸುಜಿ ಅನ್ನುತ್ತಾರೆ. ಅದು ಸ್ವಲ್ಪ ತಪ್ಪಿದರೂ ಅಲಗಿನ ಪಕ್ಕ ಚಾಪೆಗೆ ಒತ್ತಿಕೊಂಡು ಓಟ ನಿಲ್ಲುತ್ತದೆ. ಜೋರು ಹಾಕಿದಷ್ಟೂ ಜಾಸ್ತಿ ಒತ್ತುತ್ತದೆ. ನಿಮ್ಮ ಸ್ಟ್ಯಾಂಡ್ ಉರುಳಿದ್ದೂ ಅದಕ್ಕೇ.

ಎಡಗಡೆಯಿಂದಲೇ ಯಾಕೆ? ಅಲ್ಲಿಂದ ಹೊಡೆಯುವಾಗ ಬಲಗೈ ಎದೆಯ ಮುಂದೆ ಅಡ್ಡ ಬರುತ್ತದೆ. ಬಲಗೈ ಬಿಗಿ ಹಿಡಿದು ತಳ್ಳಿದರೆ ಮಣಿಕಟ್ಟು ಹೊರಳುತ್ತದೆ, ಅದರ ಜೊತೆ ಬಾಯಿಯೂ ಹೊರಳುತ್ತದೆ. ಹಿಡಿಯ ಬುಡದಲ್ಲಿರುವ ಎಡಗೈಯ ಕಿರುಬೆರಳು ಮತ್ತು ಉಂಗುರ ಬೆರಳು ಬಿಗಿಯಾಗಿರಲಿ. ಬಲಗೈ ಸುಮ್ನೆ ದಾರಿ ತೋರಿಸಿದರೆ ಸಾಕು. ಒದ್ದೆ ಬಟ್ಟೆ ಹಿಂಡುವಾಗ ಎರಡೂ ಕೈ ಒಳಕ್ಕೆ ತಿರುಗುತ್ತವಲ್ಲ, ಕತ್ತಿ ತಗಲುವ ಹೊತ್ತಿಗೆ ಅಷ್ಟೇ ಬಿಗಿ.

ಕಾಲು ಎಲ್ಲಿಡುತ್ತೀರಿ? ನಾನು ಕಲಿಯುವುದು ತೋಯಾಮಾ ರ್ಯೂ. 1925ರಲ್ಲಿ ತೋಕ್ಯೋದ ತೋಯಾಮಾ ಸೈನಿಕ ಶಾಲೆಯಲ್ಲಿ ರೂಪುಗೊಂಡ ಪದ್ಧತಿ. ಅದರಲ್ಲಿ ಕೂತು ಮಾಡುವ ವರಸೆ ಇಲ್ಲ, ಎಲ್ಲವೂ ನಿಂತೇ. ಹಾಗಾಗಿ ಕಾಲಿನ ವಿಚಾರ ದಿನಾ ಹೇಳುತ್ತಾರೆ. ಕತ್ತಿ ಯಾವ ಕಡೆ ಇಳಿಯುತ್ತದೋ ಆ ಕಡೆಯ ಕಾಲು ಹಿಂದೆ ಇರಬೇಕು. ಎಡದಿಂದ ಬಲಕ್ಕೆ ಇಳಿಸುವಾಗ ಎಡಗಾಲು ಮುಂದೆ. ಇದನ್ನು ತಪ್ಪಿಸಲೇಬೇಡಿ. ಚಾಪೆ ದಾಟಿ ಬಂದ ಕತ್ತಿ ಮೊಣಕಾಲಿಗೆ ಬೀಳಬಹುದು.

ತುಂಗಾತೀರ:
ನಾನು ಓಸಾಕಾದಲ್ಲಿ ಕಲಿಯುತ್ತಿದ್ದೇನೆ. ಸರ್ ಹೇಳಿದ್ದು ಸರಿ. ಆದರೆ ಚಾಪೆಯನ್ನೂ ಒಮ್ಮೆ ನೋಡಿ. ಸುರುಳಿ ಸಡಿಲವಿದ್ದರೆ ಒಳಗಿನ ಪದರ ಜಾರುತ್ತದೆ, ಒಳ್ಳೆಯ ಹೊಡೆತವೂ ನಿಲ್ಲುತ್ತದೆ. ನಾವು ಬಿಗಿಯಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಇಡೀ ರಾತ್ರಿ ನೀರಲ್ಲಿ ಮುಳುಗಿಸಿ, ಬೆಳಿಗ್ಗೆ ನಿಲ್ಲಿಸಿ ನೀರು ಬಸಿಯಲು ಬಿಡುತ್ತೇವೆ.

ಪ್ರತಿ ಸಲ ಹಿಡಿಯಲ್ಲಿರುವ ಬಿದಿರಿನ ಗೂಟ ಒತ್ತಿ ನೋಡಿ. ಅಲಗು ಹಿಡಿಯಿಂದ ಕಳಚದ ಹಾಗೆ ತಡೆಯುವುದು ಆ ಪುಟ್ಟ ಗೂಟ. ಬಿರುಕು ಕಂಡರೆ ಅವತ್ತು ಕಡಿಯಬೇಡಿ.

ಹಾಸುಜಿಗೆ ಕಿವಿಯೂ ಸಹಾಯ ಮಾಡುತ್ತದೆ. ಅಲಗಿನ ಉದ್ದಕ್ಕೂ ತೋಡು ಇರುವ, ಹರಿತವಿಲ್ಲದ ಕತ್ತಿ ಸಿಕ್ಕರೆ ಗಾಳಿಯಲ್ಲಿ ಮಾತ್ರ ಬೀಸಿ. ಗೆರೆ ಸರಿಯಿದ್ದರೆ ಚಿಕ್ಕದಾಗಿ "ಸುಯ್" ಅನ್ನುತ್ತದೆ. ಬಾಯಿ ಹೊರಳಿದರೆ ಸದ್ದು ಒಡೆಯುತ್ತದೆ. ನಾನು ಎಡಗಡೆ ಕಲಿತದ್ದು ಹೀಗೆ.

ಹೊಸಕೊಪ್ಪ_ಹುಡುಗ:
ಅಕ್ಕ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ವಾರಪೂರ್ತಿ ಗಾಗಮ್‌ನಲ್ಲಿ (ಹರಿತವಿಲ್ಲದ ಅಭ್ಯಾಸದ ಕತ್ತಿ) ದಿನಾ ಐವತ್ತು ಸಲ ಎಡಗಡೆ ಮಾತ್ರ ಬೀಸಿದೆ. ಮೊದಲೆರಡು ದಿನ ಸದ್ದೇ ಬರಲಿಲ್ಲ. ಬಲಗೈಯ ತೋರುಬೆರಳು ಸಡಿಲ ಬಿಟ್ಟ ಮೇಲೆ ಬಂತು. ಸಾಬೊಮ್‌ನಿಮ್ ಭುಜ ಸಡಿಲ ಬಿಡು ಅಂದದ್ದೂ ಈಗ ಅರ್ಥವಾಯಿತು. ಬಲಗೈ ಬಿಗಿಯಾದರೆ ಬಲ ಭುಜವೂ ಮೇಲೇಳುತ್ತದೆ.

ಇವತ್ತು ಎಡಗಡೆ ಆರು ಹೊಡೆತ, ನಾಲ್ಕು ಪೂರ್ತಿ ಹೋದವು. ನಾಲ್ಕನೆಯದರಲ್ಲಿ ಮೇಲಿನ ತುಂಡು ಒಂದು ಕ್ಷಣ ಅಲ್ಲೇ ಕೂತಿತ್ತು, ಆಮೇಲೆ ಮೆಲ್ಲಗೆ ಜಾರಿತು. ಎತ್ತಿ ನೋಡಿದೆ, ಮುಖ ಚಪ್ಪಟೆ! ನಿಂತುಹೋದ ಎರಡರಲ್ಲೂ ಗುಳಿ ಇದೆ, ಮೊದಲಿಗಿಂತ ಕಡಿಮೆ.

ಕವಾಸಾಕಿ_ಕನ್ನಡಿಗ:
ಓದಿ ತುಂಬಾ ಖುಷಿಯಾಯಿತು. ಗುಳಿ ಬಿದ್ದ ಆ ಎರಡು ತುಂಡುಗಳನ್ನು ಸಾಬೊಮ್‌ನಿಮ್‌ಗೆ ತೋರಿಸಿ, ಅದಕ್ಕೆ ಭಾಷೆ ಬೇಕಿಲ್ಲ. ಕತ್ತಿ ಒರೆಸಿ ಎಣ್ಣೆ ಹಚ್ಚಿದಿರಿ ತಾನೇ? ಒದ್ದೆ ಚಾಪೆ ಕಡಿದ ಉಕ್ಕಿಗೆ ಬೇಗ ತುಕ್ಕು ಹಿಡಿಯುತ್ತದೆ.