ಬಿಬಿಸಿ ಮೈಕ್ರೋದ ಬೇಸಿಕ್ ರೋಮ್ ಬಿಚ್ಚಿ ಓದುವುದು ಹೇಗೆ?

ಸಾಲಗಾಮೆ ರಸ್ತೆ, ಹಾಸನ:
ನಮ್ಮ ಶಾಲೆಯ ಸ್ಟೋರ್ ರೂಮಿನಲ್ಲಿ ಒಂದು ಬಿಬಿಸಿ ಮೈಕ್ರೋ (ಎಂಬತ್ತರ ದಶಕದ ಬ್ರಿಟಿಷ್ ಕಂಪ್ಯೂಟರ್) ಸಿಕ್ಕಿದೆ. 1984ರಲ್ಲಿ ಶುರುವಾದ ಕ್ಲಾಸ್ ಎಂಬ ಸರ್ಕಾರಿ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ಶಾಲೆಗಳಿಗೆ ಕೊಟ್ಟಿದ್ದರಲ್ಲ, ಅದೇ ಥರದ್ದು. ಬೇಸಿಕ್ ರೋಮ್ ಅನ್ನು, ಅಂದರೆ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇರುವ ಚಿಪ್ಪನ್ನು, ಸಾಕೆಟ್‌ನಿಂದ ಕಿತ್ತು ಚಿಪ್ ಓದುವ ರೀಡರ್‌ಗೆ ಹಾಕಿದೆ, 16 ಕೆಬಿ ಫೈಲ್ ಬಂತು. ಶುರುವಿನಲ್ಲೇ ಬೇಸಿಕ್, 1982, ಏಕಾರ್ನ್ (ಇದನ್ನು ತಯಾರಿಸಿದ ಕಂಪನಿ) ಅಂತ ಕಾಣುತ್ತದೆ. ಆದರೆ ಬೈಟ್‌ಗಳನ್ನು ಓದಬಹುದಾದ ಆದೇಶಗಳಾಗಿ ಬಿಡಿಸುವ ಡಿಸಅಸೆಂಬ್ಲರ್‌ಗೆ ಕೊಟ್ಟರೆ ಸ್ವಲ್ಪ ದೂರ ಸರಿಯಿದ್ದು ಆಮೇಲೆ ತಲೆಬುಡ ಇಲ್ಲದ ಕೋಡ್, ಜಂಪ್‌ಗಳೆಲ್ಲ ಫೈಲಿನಲ್ಲೇ ಇಲ್ಲದ ವಿಳಾಸಕ್ಕೆ ಹೋಗುತ್ತವೆ. ಚಿಪ್ ಹಾಳಾಗಿದೆಯಾ? ಪಕ್ಕದಲ್ಲಿ ಲೇಬಲ್ ಕಿತ್ತುಹೋದ ಇನ್ನೊಂದು ಇಪ್ರೋಮ್ (ಅತಿನೇರಳೆ ಬೆಳಕಿನಿಂದ ಅಳಿಸಿ ಮತ್ತೆ ಬರೆಯಬಹುದಾದ ಚಿಪ್) ಇದೆ. ನನಗೆ ನಿಜವಾಗಿ ಬೇಕಿರುವುದು ಅದು, ಇದು ಕೈ ಪಳಗಲಿ ಅಂತ.

ಮಲೆನಾಡು 6502, ಚಿಕ್ಕಮಗಳೂರು:
ಚಿಪ್ ಹಾಳಾದಂತೆ ಕಾಣುವುದಿಲ್ಲ. ಲೋಡ್ ವಿಳಾಸ, ಅಂದರೆ ಮೆಮೊರಿಯಲ್ಲಿ ಫೈಲ್ ಶುರುವಾಗುವ ಜಾಗ, ಹೆಕ್ಸ್ (16ರ ಎಣಿಕೆ) 8000 ಅಂತ ಕೊಡಿ, ಬಿಬಿಸಿಯಲ್ಲಿ ಭಾಷೆಯ ರೋಮ್ ಕೂರುವುದೇ ಅಲ್ಲಿ. ಸೊನ್ನೆಯಿಂದ ಶುರು ಮಾಡಿದರೆ ಜಂಪ್‌ಗಳು ಹೊರಗೆ ಹೋದಂತೆಯೇ ಕಾಣುತ್ತವೆ.

ಇನ್ನು ಆ ತಲೆಬುಡ ಇಲ್ಲದ್ದು ಕೋಡೇ ಅಲ್ಲ, ಕೀವರ್ಡ್ ಪಟ್ಟಿ, ಅಂದರೆ ಬೇಸಿಕ್‌ನ ಆದೇಶ ಪದಗಳ ಪಟ್ಟಿ. ಅಕ್ಷರಗಳನ್ನು ಪಕ್ಕದಲ್ಲಿಟ್ಟು ನೋಡಿ: ಆಂಡ್ ಅನ್ನುವ ಮೂರು ಅಕ್ಷರ, ಆಮೇಲೆ 80, ಆಮೇಲೆ 00. ಅದರ ಹಿಂದೆಯೇ ಎಬಿಎಸ್, 94, 00. ನಾವು ಟೈಪ್ ಮಾಡಿದ ಪದ ಮೆಮೊರಿಯಲ್ಲಿ ಪಕ್ಕದ ಆ ಒಂದು ಬೈಟ್ (80, 94) ಆಗಿ ಕೂರುತ್ತದೆ. ಮೂರನೆಯದು, ಅಂದರೆ ಆ 00, ಪದದ ಮುಂದೆ ಬರುವುದನ್ನು ಹೇಗೆ ಓದಬೇಕು ಅಂತ ಹೇಳುವ ಗುರುತು. ಇರುವುದೇ 32 ಕೆಬಿ ಮೆಮೊರಿ, ಜಾಗ ಉಳಿಸಲೇಬೇಕಿತ್ತು ಅಲ್ವಾ. ಸೋಫಿ ವಿಲ್ಸನ್ ಬರೆದ ಈ ಬೇಸಿಕ್ ಓದಿದಷ್ಟೂ ಖುಷಿ ಕೊಡುತ್ತದೆ. ಪಟ್ಟಿಯನ್ನು ಡೇಟಾ ಅಂತ ಗುರುತು ಹಾಕಿ ಮುಂದೆ ಹೋಗಿ.

ಮೂಡಿಗೆರೆ ಮಳೆ:
ಇನ್ನೊಂದು ಕಡೆ ಜಾಸ್ತಿ ಜನ ಸಿಕ್ಕಿಬೀಳುತ್ತಾರೆ. 00 ಅಂದರೆ 6502ರಲ್ಲಿ (ಬಿಬಿಸಿಯ ಪ್ರೊಸೆಸರ್) ಬ್ರೇಕ್ ಅನ್ನುವ ಆದೇಶ. ಬಿಬಿಸಿಯಲ್ಲಿ ಎರರ್ ಕೊಡುವುದೂ ಇದರಿಂದಲೇ: 00, ಎರರ್ ನಂಬರ್, ಸಂದೇಶದ ಅಕ್ಷರಗಳು, ಕೊನೆಗೆ ಮತ್ತೆ 00. ಸೊನ್ನೆಯಿಂದ ಭಾಗಿಸಿದಾಗ ಬರುವ ಎರರ್ 18, ಹಾಗಾಗಿ 00 ಆದಮೇಲೆ ಹೆಕ್ಸ್‌ನಲ್ಲಿ 12 ಇರುತ್ತದೆ. ಡಿಸಅಸೆಂಬ್ಲರ್ ಆ ಅಕ್ಷರಗಳನ್ನೂ ಕೋಡ್ ಅಂದುಕೊಂಡು ಓದಿಬಿಡುತ್ತದೆ.

ಆದರೆ ಇದೇ ಎರರ್‌ಗಳು ನಿಮಗೆ ದಾರಿಯನ್ನೂ ತೋರಿಸುತ್ತವೆ. ಆ ಸಂದೇಶಕ್ಕೆ ಬರುವ ಜಂಪ್ ಎಲ್ಲಿಂದ ಅಂತ ಹಿಂದಕ್ಕೆ ಹೋದರೆ ಭಾಗಾಕಾರದ ಕೋಡ್ ಸಿಗುತ್ತದೆ. ನಾನು ಯಾವ ಹಳೆಯ ಭಾಷೆಯ ರೋಮ್ ಹಿಡಿದರೂ ಮೊದಲು ಸಂದೇಶಗಳನ್ನೇ ಹುಡುಕುವುದು. ಬಿಡಿಸಿದ್ದನ್ನು ಮತ್ತೆ ಬೈಟ್‌ಗಳಾಗಿ ಅಸೆಂಬಲ್ ಮಾಡಿ ಮೂಲ ಫೈಲಿಗೆ ಹೋಲಿಸುತ್ತಾ ಇರಿ, ಒಂದು ಬೈಟ್ ಕೂಡ ಬೇರೆ ಆಗಬಾರದು.

ಸಾಲಗಾಮೆ ರಸ್ತೆ, ಹಾಸನ:
8000 ಕೊಟ್ಟೆ, ಜಂಪ್‌ಗಳೆಲ್ಲ ಒಳಗೇ ಬಂದವು! ಆಂಡ್, 80, 00 ಕೂಡ ಸಿಕ್ಕಿತು. ತುಂಬಾ ಥ್ಯಾಂಕ್ಸ್. ಆ ಇಪ್ರೋಮ್‌ನಲ್ಲಿ ಮೊದಲು ಏನು ನೋಡಲಿ?

ಮಲೆನಾಡು 6502, ಚಿಕ್ಕಮಗಳೂರು:
8006ರಲ್ಲಿ ರೋಮ್ ಯಾವ ಬಗೆಯದು ಅಂತ ಇರುತ್ತದೆ, 8009ರಿಂದ ಹೆಸರು. ಅದಕ್ಕೂ ಮುಂಚೆ ಚಿಪ್‌ನ ಗಾಜಿನ ಕಿಟಕಿಗೆ ಈಗಲೇ ಒಂದು ಕಪ್ಪು ಟೇಪ್ ಅಂಟಿಸಿ. ಲೇಬಲ್ ಇಲ್ಲದೆ ಬಿಸಿಲಿಗೆ ಬಿಟ್ಟರೆ ನಿಧಾನಕ್ಕೆ ಅಳಿಸಿಹೋಗುತ್ತದೆ. ಮತ್ತೆ, ಮೆಷಿನ್‌ಗೆ ಸುಮ್ನೆ ಕರೆಂಟ್ ಕೊಡಬೇಡಿ. ಪವರ್ ಸಪ್ಲೈ ಒಳಗಿನ ಹಳೆಯ ಫಿಲ್ಟರ್ ಕೆಪಾಸಿಟರ್‌ಗಳು ಬಿರುಕು ಬಿಟ್ಟು ಹೊಗೆ ಬರುವುದುಂಟು, ಗೊತ್ತಿರುವವರ ಕೈಲಿ ಬದಲಾಯಿಸಿಕೊಂಡು ಆಮೇಲೆ ಆನ್ ಮಾಡಿ. ಹೆಸರು ಏನು ಬಂತು ಅಂತ ಇಲ್ಲಿ ಹಾಕಿ.